ಹೆಸರು ಸಿಗದವರ ರೊಟ್ಟಿ

ಬಂಡೆಮ್ಮನ ಮೂಗು ಬಹಳ ಚುರುಕು. ಹೈದರಾಬಾದಿನ ಹೊರಗೆ ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಹನ್ನೊಂದು ವರ್ಷ ಹೆಂಗಸರ ಪಾಯಿಖಾನೆ ತೊಳೆದರೂ ಆ ಮೂಗು ಸತ್ತಿರಲಿಲ್ಲ. ಫಿನಾಯಿಲಿನ ವಾಸನೆ ಯಾವುದು, ಅದರ ಕೆಳಗೆ ಅಡಗಿ ಕೂತ ವಾಸನೆ ಯಾವುದು ಎಂದು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದಳು. ಜೊತೆಗೆ ದುಡಿಯುವ ರಾಯಚೂರು ಕಡೆಯ ರೇಣುಕಾ ನಗುತ್ತಿದ್ದಳು. "ಅಕ್ಕಾ, ನಿನ್ನ ಮೂಗು ಪೊಲೀಸರಿಗೆ ಕೊಟ್ಟುಬಿಡು. ಅವ್ರಿಗೆ ನಾಯಿ ಸಾಕೋ ಖರ್ಚು ಉಳೀತೈತಿ."

ಮಂದಿ ಬಿಟ್ಟು ಹೋದ ಹೊಲಸಿಗೆ ಬಂಡೆಮ್ಮ ಹೇಸುತ್ತಿರಲಿಲ್ಲ. ಹೊಟ್ಟೆ ಅಂತ ಇದ್ದಮೇಲೆ ಹೊಲಸು ಇದ್ದದ್ದೇ, ನೀರು ಹಾಕಿ ತಿಕ್ಕಿದರೆ ಹೋಗುತ್ತದೆ. ಅವಳಿಗೆ ಹೇಸಿಕೆ ಹುಟ್ಟಿದ್ದು ಬೇರೆಯದಕ್ಕೆ, ಅದೂ ಅರವತ್ತೆರಡನೇ ವಯಸ್ಸಿನಲ್ಲಿ, ದೇವರ ಗುಡಿಯಲ್ಲಿ.

ಅವಳ ಊರು ಹುಮನಾಬಾದಿನ ಹತ್ತಿರ. ಊರ ಹೊರಗಿನ ಓಣಿ. ಅಜ್ಜನ ಕಾಲಕ್ಕೆ ಓಣಿಯೆಲ್ಲ ಯೇಸುವಿನ ಮತಕ್ಕೆ ಸೇರಿತ್ತು. ಗಂಡ ಸಂಗಣ್ಣನ ಜೊತೆ ಹೈದರಾಬಾದಿಗೆ ಬಂದಾಗ ಮಣಿಕೊಂಡದಲ್ಲಿ ದೊಡ್ಡ ದೊಡ್ಡ ಬಂಡೆಗಲ್ಲು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಆ ಬಂಡೆ ಒಡೆದು ಮಹಡಿ ಎಬ್ಬಿಸಿದ ಸಾವಿರ ಕೈಗಳಲ್ಲಿ ನಾಲ್ಕು ಕೈ ಇವರವು. ಸಂಗಣ್ಣ ಸಿಮೆಂಟಿನ ಧೂಳು ನುಂಗಿ ನುಂಗಿ ಎದೆ ಕಟ್ಟಿ ಸತ್ತ. ಮಕ್ಕಳಿರಲಿಲ್ಲ. ಇಟ್ಟಿಗೆ ಹೊರುವ ತ್ರಾಣ ಹೋದಮೇಲೆ ಬಂಡೆಮ್ಮ ನೀಲಿ ಅಂಗಿ ತೊಟ್ಟು ನಿಲ್ದಾಣದ ಕೆಲಸಕ್ಕೆ ನಿಂತಳು. ಶಂಶಾಬಾದಿನಲ್ಲೇ ಒಂದು ಕೋಣೆ ಹಿಡಿದಳು.

ಭಾನುವಾರ ಮಾತ್ರ ಎರಡು ಬಸ್ ಬದಲಿಸಿ ಸನತ್‌ನಗರಕ್ಕೆ ಹೋಗುತ್ತಿದ್ದಳು. ಅಲ್ಲಿ ಮುಚ್ಚಿದ ಒಂದು ಬೋಲ್ಟ್ ಕಾರ್ಖಾನೆಯ ಹಿಂದೆ ತಗಡಿನ ಶೆಡ್ಡು. ಅದೇ ಕನ್ನಡದವರ ಸಭೆ. ಇಟ್ಟಿಗೆ ಹೊರುವವರೂ ಬರುತ್ತಿದ್ದರು, ಸರ್ಕಾರಿ ಕಾರ್ಖಾನೆಯ ನೌಕರರೂ ಬರುತ್ತಿದ್ದರು. ಬೇಸಿಗೆಯಲ್ಲಿ ತಗಡು ಕಾದು ಎಲ್ಲರ ಬೆವರೂ ಒಂದೇ ಚಾಪೆಗೆ ಇಳಿಯುತ್ತಿತ್ತು. ಮಳೆ ಬಂದರೆ ಪಾದ್ರಿಯ ಮಾತು ಕೇಳಿಸುತ್ತಿರಲಿಲ್ಲ. ಆಗ ಪಾದ್ರಿ ಗೊಲ್ಲಾಳಪ್ಪ ಸುಮ್ಮನೆ ಕೈ ಮುಗಿದು ನಿಲ್ಲುತ್ತಿದ್ದರು. ಅವತ್ತಿನ ಉಪದೇಶವೇ ಚಲೋ ಇತ್ತೆಂದು ಮಂದಿ ನಗಾಡುತ್ತಿದ್ದರು.

ತಿಂಗಳ ಮೊದಲ ಭಾನುವಾರ ಪ್ರಭುವಿನ ಭೋಜನ, ಯೇಸುವಿನ ಕೊನೆಯ ಊಟದ ನೆನಪಿಗೆ ಎಲ್ಲರೂ ಒಂದು ತುಂಡು ರೊಟ್ಟಿ, ಒಂದು ಗುಟುಕು ದ್ರಾಕ್ಷಿ ರಸ ತೆಗೆದುಕೊಳ್ಳುವುದು. ಅದಕ್ಕೆ ರೊಟ್ಟಿ ಬಂಡೆಮ್ಮನ ಕೈಯದು. ಈ ಕೆಲಸಕ್ಕೆ ಅವಳದೇ ಒಂದು ಕಟ್ಟಳೆ ಇತ್ತು. ಶುಕ್ರವಾರ ಸಂಜೆ ರಸಕ್ಕೆಂದು ಕರಿ ಒಣದ್ರಾಕ್ಷಿ ನೆನೆಹಾಕುವುದು, ಶನಿವಾರ ಕುದಿಸಿ ಮಲ್‌ಮಲ್ ಬಟ್ಟೆಯಲ್ಲಿ ಸೋಸುವುದು. ಭಾನುವಾರ ನಸುಕಿಗೆ ಎದ್ದು ಮೊಣಕೈವರೆಗೆ ತೊಳೆದು ಗೋದಿ ಹಿಟ್ಟು ನಾದುವುದು. ಉಪ್ಪಿಲ್ಲ, ಎಣ್ಣೆಯಿಲ್ಲ, ಹುಳಿಯಿಲ್ಲ. ಹಂಚು ಬೇರೆ, ಅದರ ಮೇಲೆ ಮತ್ತೇನನ್ನೂ ಬೇಯಿಸುವಂತಿಲ್ಲ. ಬೇಯುವ ಮೊದಲೇ ಚಾಕುವಿನಿಂದ ಗೆರೆ ಎಳೆದು ಒಂದು ರೊಟ್ಟಿಗೆ ಹದಿನಾರು ತುಂಡು ಗುರುತು ಮಾಡುವುದು, ಮುರಿದರೆ ಪುಡಿ ಉದುರಬಾರದು. ಭೋಜನ ಮುಗಿದು ಉಳಿದದ್ದನ್ನು ಬಿಸಾಡುವಂತಿಲ್ಲ, ಇದು ಪಾದ್ರಿ ಕಲಿಸಿದ್ದು. ಎಲ್ಲರೂ ನಿಂತು ಅಲ್ಲೇ ತಿಂದು ಮುಗಿಸಬೇಕು, ಆಗದಿದ್ದರೆ ಶುದ್ಧ ಮಣ್ಣಿನಲ್ಲಿ ಹೂಳಬೇಕು. ಶೆಡ್ಡಿನ ದಿನಗಳಲ್ಲಿ ಒಮ್ಮೆಯೂ ಹೂಳುವ ಪ್ರಸಂಗ ಬರಲಿಲ್ಲ. ಸಭೆಯ ಹಿರಿಯರಾದ ಕಾಶಿನಾಥ ಅವರೇ ಗಂಗಾಳದ ಅಂಚಿನ ಚೂರನ್ನು ಬೆರಳಿಗೆ ಹಚ್ಚಿಕೊಂಡು ತಿನ್ನುತ್ತಿದ್ದರು.

ಜಾಗದ ಯಜಮಾನ ಶೆಡ್ಡು ಕೆಡವುತ್ತೇನೆಂದು ನೋಟಿಸು ಕೊಟ್ಟ ವರ್ಷ ಎಲ್ಲರೂ ಅತ್ತರು. ಕೊನೆಯ ಭಾನುವಾರ ಗೊಲ್ಲಾಳಪ್ಪನವರು ಯೆಹೂದ್ಯರನ್ನು ಬಾಬೆಲಿಗೆ ಸೆರೆ ಒಯ್ದ ಕಥೆ ಹೇಳಿದರು. ಯೆರೂಸಲೇಮು ಬಿದ್ದಾಗ ದೇವರು ಕಲ್ಲಿನ ಗುಡಿಗೆ ಅಂಟಿಕೊಂಡು ಕೂರಲಿಲ್ಲವಂತೆ. ಗಾಲಿಯಿದ್ದ ಸಿಂಹಾಸನದ ಮೇಲೆ ಕೂತು ಸೆರೆಯವರ ಹಿಂದೆಯೇ ಬಾಬೆಲಿನ ನದೀದಂಡೆಗೆ ಹೋದನಂತೆ. ಎಪ್ಪತ್ತು ವರ್ಷ ತುಂಬಿದ ಮೇಲೆ ಅವರನ್ನು ತಿರುಗಿ ಮನೆಗೆ ಕರೆದುಕೊಂಡು ಬಂದನಂತೆ. ಇಷ್ಟು ಹೇಳಿ ಪಾದ್ರಿ ಬಂಡೆಮ್ಮನ ಕಡೆ ನೋಡಿ ಎಲ್ಲರೆದುರು ಮಾತು ಕೊಟ್ಟರು: "ಹೊಸ ಗುಡಿಯೊಳಗ ಮೊದಲನೇ ರೊಟ್ಟಿ ನಮ್ಮ ಬಂಡೆಮ್ಮನ ಕೈದು."

ಅವಳು ಹಂಚು, ಮಣೆ, ಲಟ್ಟಣಿಗೆಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಐದು ವರ್ಷ ಬಿಚ್ಚಲಿಲ್ಲ.

ಆ ಐದು ವರ್ಷ ಸಭೆ ಚದುರಿತು. ಮೊದಲು ರೋಗ ಬಂತು. ಆಮೇಲೆ ಮಣಿಕೊಂಡದ ದೊಡ್ಡ ಫ್ಲಾಟುಗಳ ಒಳಗೆ ಪ್ರಾರ್ಥನೆ ನಡೆಯಿತು. ಬಂಡೆಮ್ಮ ಒಮ್ಮೆ ಹೋದಳು. ವಾಚ್‌ಮನ್ ಅವಳನ್ನು ಕೆಲಸದವರ ಲಿಫ್ಟಿಗೆ ಕಳಿಸಿದ. ಆ ಕಟ್ಟಡದ ಎರಡನೇ ಮಹಡಿಗೆ ಅವಳೇ ಮಣ್ಣು ಹೊತ್ತಿದ್ದಳು, ಆಗ ಲಿಫ್ಟೇ ಇರಲಿಲ್ಲ. ಮತ್ತೆ ಹೋಗಲಿಲ್ಲ.

ಹೊಸ ಗುಡಿ ಏಳುವತನಕ ಎಲ್ಲರೂ ಸತ್ಯವೇದದಲ್ಲಿ ಸೆರೆಯಿಂದ ಮರಳಿದವರ ಪುಸ್ತಕ ಓದಬೇಕೆಂದು ಪಾದ್ರಿ ಹೇಳಿದ್ದರು. ಬಂಡೆಮ್ಮ ಶಾಲೆಗೆ ಹೋದವಳಲ್ಲ. ಅಕ್ಷರ ಕಲಿಸಿದ್ದು ಸಂಗಣ್ಣ, ಇಟ್ಟಿಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತಿದ್ದಳು. ಓದು ಬಲ್ಲವರು ಆ ಪುಸ್ತಕದ ಎರಡನೇ ಅಧ್ಯಾಯ ದಾಟಿಸಿಬಿಡುತ್ತಾರೆ, ಅಲ್ಲಿ ಬರೀ ಹೆಸರಿವೆ. ಬಂಡೆಮ್ಮನಿಗೆ ದಾಟಿಸುವುದು ಗೊತ್ತಿರಲಿಲ್ಲ. ಯಾವ ಮನೆತನದವರು ಎಷ್ಟು ಮಂದಿ ಬಂದರೆಂಬ ಆ ಪಟ್ಟಿಯನ್ನು ಓದಲು ಅವಳಿಗೆ ಒಂದು ಮಳೆಗಾಲ ಹಿಡಿಯಿತು. ಕತ್ತೆಗಳನ್ನೂ ಎಣಿಸಿ ಬರೆದಿದ್ದರು: ಆರು ಸಾವಿರದ ಏಳುನೂರ ಇಪ್ಪತ್ತು. ಅದನ್ನು ರೇಣುಕಾಗೆ ಹೇಳಿದಾಗ ಅವಳು, "ನಮ್ಮ ಕಂಪನಿಗಿಂತ ವಾಸಿ, ಇಲ್ಲಿ ನಮ್ಮನ್ನ ಯಾರು ಎಣಸ್ತಾರ" ಅಂದಳು.

ಆದರೆ ಕತ್ತೆಗಳಿಗಿಂತ ನಾಲ್ಕು ಸಾಲು ಮೇಲೆ ಬಂಡೆಮ್ಮನ ಬೆರಳು ನಿಂತಿತ್ತು. ಮೂರು ಮನೆತನದವರು ತಾವೂ ಯಾಜಕರ ಪೈಕಿ ಅಂದರಂತೆ. ವಂಶದ ಪಟ್ಟಿಯಲ್ಲಿ ಹುಡುಕಿದರೆ ಅವರ ಹೆಸರು ಸಿಗಲಿಲ್ಲವಂತೆ. ಅಶುದ್ಧರೆಂದು ಅವರನ್ನು ಹೊರಗಿಟ್ಟರಂತೆ. ಗುಡಿಯ ಪವಿತ್ರ ಊಟ ಮುಟ್ಟಬಾರದು ಎಂದು ಅಧಿಕಾರಿ ಹೇಳಿದನಂತೆ.

ಅವಳು ಮೂರು ಸಲ ಓದಿದಳು, ಸರಿಯಾಗಿ ಓದಿದೆನೋ ಇಲ್ಲವೋ ಎಂದು. ಅವರೂ ಅದೇ ದಾರಿ ನಡೆದು ಬಂದವರು. ಅದೇ ಧೂಳು ಕುಡಿದವರು. ಮುಂದೆ ಅವರಿಗೆ ಆ ಊಟ ಸಿಕ್ಕಿತೇ? ಪುಟ ಮಗುಚಿದಳು. ಇರಲಿಲ್ಲ. ಪುಸ್ತಕ ಮುಗಿಯಿತು, ಅವರ ಸುದ್ದಿ ಮತ್ತೆ ಬರಲಿಲ್ಲ. ಪಾದ್ರಿಯನ್ನು ಕೇಳಬೇಕೆಂದು ಮನಸ್ಸಿನಲ್ಲಿಟ್ಟುಕೊಂಡಳು.

ಹೊಸ ಗುಡಿಯ ಜಾಗ ಸಿಕ್ಕಿದ್ದು ಶಂಶಾಬಾದಿನಲ್ಲಿ. ಬಂಡೆಮ್ಮನ ಕೋಣೆಯಿಂದ ಹದಿನೈದು ನಿಮಿಷದ ನಡಿಗೆ. ದೇವರೇ ಎರಡು ಬಸ್ ಬದಲಿಸಿ ತನ್ನ ಹತ್ತಿರ ಬಂದನೆಂದು ಅವಳು ಹಿಗ್ಗಿದಳು. ದಿನಾ ಡ್ಯೂಟಿ ಮುಗಿಸಿ ದಾರಿ ಬಳಸಿ ಹೋಗಿ ಗೋಡೆ ಎಷ್ಟು ಎದ್ದಿತೆಂದು ನೋಡಿ ಬರುತ್ತಿದ್ದಳು. ಗಿಲಾವು ಎಲ್ಲಿ ಸೊಟ್ಟಗಿದೆ ಎಂದು ಮೇಸ್ತ್ರಿಗೆ ಹೇಳಿ ಬೈಸಿಕೊಳ್ಳುತ್ತಿದ್ದಳು.

ಆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಕಾಶಿನಾಥರ ಹೆಂಡತಿ ಶೈಲಾ ನಾಗಪುರದ ಮದುವೆಗೆ ವಿಮಾನ ಹತ್ತಲು ಬಂದವಳು ಬಂಡೆಮ್ಮನ ಪಾಯಿಖಾನೆಗೇ ಬಂದಳು. ಬಂಡೆಮ್ಮ ನಿಲ್ದಾಣದಲ್ಲಿ ದುಡಿಯುತ್ತಾಳೆಂದು ಸಭೆಗೆಲ್ಲ ಗೊತ್ತಿತ್ತು. ಏನು ದುಡಿಯುತ್ತಾಳೆಂದು ಯಾರೂ ಕೇಳಿರಲಿಲ್ಲ. ಶೈಲಾ ಖುಷಿಯಿಂದ ಅವಳ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ಮಾಪು ಕಂಡಿತು, ನೀಲಿ ಅಂಗಿ ಕಂಡಿತು, ಕೈಗವಸು ಕಂಡಿತು. ಕೈ ಬಿಟ್ಟಳು. ನಗು ಹಾಗೇ ಇತ್ತು. ನಲ್ಲಿಯ ಹತ್ತಿರ ಹೋಗಿ ಸೋಪಿನ ನೀರನ್ನು ಒಮ್ಮೆ ಒತ್ತಿದಳು, ಮತ್ತೊಮ್ಮೆ ಒತ್ತಿದಳು, ಮೂರನೇ ಸಲವೂ ಒತ್ತಿದಳು. ಬಂಡೆಮ್ಮ ಒರೆಸುವ ಕಾಗದ ಚಾಚಿದರೆ, ಇರಲಿ ಎಂದು ತನ್ನ ಸೆರಗಿಗೆ ಒರೆಸಿಕೊಂಡಳು. ರೇಷ್ಮೆ ಸೆರಗು.

ಗುಡಿ ಪ್ರತಿಷ್ಠೆಗೆ ಎಂಟು ದಿನ ಇರುವಾಗ ಗಂಡ ಹೆಂಡತಿ ಇಬ್ಬರೂ ಬಂಡೆಮ್ಮನ ಕೋಣೆಗೆ ಬಂದರು. ಅದಕ್ಕೆ ಮೊದಲು ಯಾವತ್ತೂ ಬಂದವರಲ್ಲ. ಕುರ್ಚಿಯ ತುದಿಯಲ್ಲಿ ಕೂತರು. ಚಹಾ ಬೇಡ, ಈಗಷ್ಟೇ ಕುಡಿದೆವು ಅಂದರು. ನೀರೂ ಕಾರಿನಲ್ಲಿದೆ ಅಂದರು. ಕಾಶಿನಾಥ ಅವರು ರೋಗ ಬಂದ ಮೇಲೆ ಜಗತ್ತು ಹೇಗೆ ಬದಲಾಯಿತೆಂದು ಸುತ್ತುಹಾಕಿ ಹೇಳಿ, ಈಗೆಲ್ಲ ಕಡೆ ಮೆಷಿನಿನಲ್ಲಿ ಮಾಡಿದ ತೆಳ್ಳನೆಯ ಬಿಲ್ಲೆಗಳೇ ಬರುತ್ತವೆ, ಡಬ್ಬಿ ತರಿಸಿದ್ದೇವೆ, ಕೈ ತಾಗುವುದೇ ಇಲ್ಲ ಅಂದರು. ಬಂಡೆಮ್ಮ ಅವರ ಬಾಯನ್ನೇ ನೋಡುತ್ತಿದ್ದಳು. ಗಂಗಾಳದ ಅಂಚಿನ ಚೂರು ನೆಕ್ಕಿದ ಬಾಯಿ ಅದು.

ಆಮೇಲೆ ಅವರು ಜೇಬಿನಿಂದ ಒಂದು ಕೀಲಿಕೈ ತೆಗೆದು ಮೇಜಿನ ಮೇಲಿಟ್ಟರು. "ಬಂಡೆಮ್ಮ, ಗುಡಿ ಹಿಂದ ನಾಕು ಬಾತ್‌ರೂಮ್ ಕಟ್ಟಸೀವಿ, ಟೈಲ್ಸ್ ಹಾಕಿ. ನಿನ್ನಷ್ಟು ಚಂದ ಆ ಕೆಲಸ ಬಲ್ಲವ್ರು ನಮ್ಮೊಳಗ ಯಾರಿಲ್ಲ. ದೇವರ ಸೇವಾ ಅಂತ ತಿಳ್ಕೊ."

ಅವರು ಹೋದಮೇಲೆ ಬಂಡೆಮ್ಮ ಹೊರಗೆ ಹೋಗಿ ಉಗುಳಿದಳು. ಕೀಲಿಕೈಯನ್ನು ಸೆರಗಿನ ತುದಿಯಿಂದ ಹಿಡಿದು ಮೊಳೆಗೆ ಹಾಕಿದಳು. ಪಾದ್ರಿಗೆ ಫೋನು ಮಾಡಿ, ಕೊಟ್ಟ ಮಾತು ನೆನಪಿದೆಯೇ ಎಂದು ಕೇಳಿದಳು. ಗೊಲ್ಲಾಳಪ್ಪನವರು, "ತಗೊಂಡ್ ಬಾರವ್ವ, ನೋಡೋಣ" ಅಂದರು. ಹೌದು ಅನ್ನುವ ಧೈರ್ಯ, ಇಲ್ಲ ಅನ್ನುವ ಧೈರ್ಯ, ಎರಡೂ ಇಲ್ಲದವರ ಮಾತು ಅದು. ಬಂಡೆಮ್ಮನಿಗೆ ಅಷ್ಟೇ ಸಾಕಾಗಿತ್ತು. ಟ್ರಂಕು ಬಿಚ್ಚಿದಳು. ಶುಕ್ರವಾರ ದ್ರಾಕ್ಷಿ ನೆನೆಹಾಕಿದಳು.

ಭಾನುವಾರ ಐದು ರೊಟ್ಟಿ, ಎಂಬತ್ತು ತುಂಡು. ಬಿಳಿ ಬಟ್ಟೆಯಲ್ಲಿ ಸುತ್ತಿ ಎದೆಗೊತ್ತಿಕೊಂಡು, ದ್ರಾಕ್ಷಿ ರಸದ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ನಡೆದು ಹೋದಳು. ಬಾಗಿಲಿಗೆ ಹೂವಿನ ಕಮಾನು. ಅದರ ಮೇಲೆ 'ಸೆರೆಯಿಂದ ಮನೆಗೆ' ಎಂದು ದೊಡ್ಡದಾಗಿ ಬರೆಸಿದ್ದರು. ಒಳಗೆ ಹೊಸ ಬಣ್ಣದ ವಾಸನೆ, ಅದರ ಕೆಳಗೆ ಅತ್ತರು, ಅದರ ಕೆಳಗೆ ಹಿಂದಿನ ಶಾಮಿಯಾನದಿಂದ ಬಿರಿಯಾನಿ. ಮನೆಯ ವಾಸನೆ ಎಲ್ಲೂ ಬರಲಿಲ್ಲ.

ಪಕ್ಕದ ಕೋಣೆಯಲ್ಲಿ ಶೈಲಾ ಬಿಲ್ಲೆಗಳನ್ನು ಬೆಳ್ಳಿ ಬಣ್ಣದ ತಟ್ಟೆಗೆ ಜೋಡಿಸುತ್ತಿದ್ದಳು. ಬಂಡೆಮ್ಮ ಬಟ್ಟೆ ಬಿಚ್ಚಿದ್ದನ್ನು ನೋಡಿ ಅವಳ ಮುಖ ಕೆಂಪಾಯಿತು. ಕೆಟ್ಟ ಹೆಂಗಸಲ್ಲ ಅವಳು. ಚೀಲ ತಡಕಾಡಿ ಒಂದು ಜೋಡಿ ತೆಳ್ಳನೆಯ ಕೈಗವಸು ತೆಗೆದು ಮೆಲ್ಲಗೆ ಚಾಚಿದಳು. "ಅಕ್ಕಾ, ತಪ್ಪು ತಿಳ್ಕೋಬ್ಯಾಡ. ಮುರಿಯೋವಾಗ ಇವನ್ನ ಹಾಕ್ಕೊಂಡ್ರ ಯಾರೂ ಏನೂ ಅನ್ನಂಗಿಲ್ಲ."

"ಬಾಯಾರ, ಇವನ್ನ ನಾ ಪಾಯಿಖಾನ್ಯಾಗ ಹಾಕ್ಕೋತೀನಿ," ಅಂದಳು ಬಂಡೆಮ್ಮ. "ರೊಟ್ಟಿಗಿ ಬರೀ ಕೈ."

ಬರಿಗೈಯಲ್ಲೇ ಮುರಿದು, ಒಂದು ತಟ್ಟೆಗೆ ಹಾಕಿ, ಹೋಗಿ ತಾನೇ ಮೇಜಿನ ಮೇಲಿಟ್ಟಳು. ಹೀಗಾಗಿ ಮೇಜಿನ ಮೇಲೆ ಎರಡು ತಟ್ಟೆಗಳಾದವು. ಪಾದ್ರಿ ಎರಡನ್ನೂ ನೋಡಿದರು, ಎರಡರ ಮೇಲೂ ಕೈ ಚಾಚಿ ಪ್ರಾರ್ಥನೆ ಮಾಡಿದರು. ರೋಗ ಬಂದಾಗಿನಿಂದ ಪಾದ್ರಿ ಬಾಯಿಗೆ ಇಡುವುದು ನಿಂತು, ಜನರೇ ಸಾಲಾಗಿ ಬಂದು ತಟ್ಟೆಯಿಂದ ತೆಗೆದುಕೊಳ್ಳುವುದು ರೂಢಿಯಾಗಿತ್ತು. ಬಂಡೆಮ್ಮ ಗೋಡೆಗೆ ಒರಗಿ ನಿಂತು ನೋಡಿದಳು.

ಕಾಶಿನಾಥ ಬಿಲ್ಲೆ ತೆಗೆದುಕೊಂಡರು. ಶೈಲಾ ಬಿಲ್ಲೆ. ನೌಕರಿಯವರೆಲ್ಲ ಬಿಲ್ಲೆ. ಇದನ್ನು ಅವಳು ಮೊದಲೇ ಊಹಿಸಿದ್ದಳು, ನುಂಗಿಕೊಂಡಳು. ಆಮೇಲೆ ಅವಳ ಜೊತೆ ಇಟ್ಟಿಗೆ ಹೊತ್ತ ಹೆಂಗಸರು ಬಂದರು. ಬಂಡೆಗಳ ನೆರಳಲ್ಲಿ ಒಂದೇ ಡಬ್ಬಿಯಿಂದ ಬುತ್ತಿ ಉಂಡವರು. ಅವರೂ ಒಂದು ಗಳಿಗೆ ನಿಂತು, ಮುಂದಿನವರ ಕೈ ಎತ್ತ ಹೋಯಿತೆಂದು ನೋಡಿ, ಬಿಲ್ಲೆಗೆ ಕೈ ಹಾಕಿದರು. ಒಬ್ಬಳು ಬಂಡೆಮ್ಮನ ಕಣ್ಣು ತಪ್ಪಿಸಿದಳು. ಇನ್ನೊಬ್ಬಳು ಅದನ್ನೂ ಮಾಡಲಿಲ್ಲ, ನಕ್ಕಳು. ಆ ನಗುವಿಗೆ ಬಂಡೆಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮೇಲಿನವರ ಹೇಸಿಕೆಯನ್ನು ಎರವಲು ತಂದು ಮೈಗೆ ಹಚ್ಚಿಕೊಂಡವರ ವಾಸನೆ, ಯಾವ ಫಿನಾಯಿಲಿಗೂ ಹೋಗದ್ದು.

ಕಣ್ಣು ಕಾಣದ ಮುದುಕ ಹಂಪಯ್ಯ ಮೇಜಿನ ಹತ್ತಿರ ಬಂದು ಗಟ್ಟಿಯಾಗಿ ಕೇಳಿದ, "ಬಂಡೆಮ್ಮನ ರೊಟ್ಟಿ ಯಾವ ಕಡೆ ಐತ್ರಿ?" ಅವನು ಮೂಸಿ ನೋಡಿ ತಾನೇ ಹುಡುಕಿಕೊಂಡ. ಅವನ ಹಿಂದೆ ಅವನ ಹೆಂಡತಿ, ಅವಳ ಹಿಂದೆ ಸೊಸೆ. ಕೊನೆಗೆ ಬಂಡೆಮ್ಮ. ನಾಲ್ಕು ತುಂಡು. ಎಲ್ಲರಿಗಿಂತ ಕೊನೆಗೆ ಪಾದ್ರಿಯೂ ಬಿಲ್ಲೆಯನ್ನೇ ತೆಗೆದುಕೊಂಡರು. ತೆಗೆದುಕೊಳ್ಳುವ ಮೊದಲು ರೊಟ್ಟಿಯ ತಟ್ಟೆಯನ್ನು ಒಮ್ಮೆ ನೋಡಿದರು. ಅಷ್ಟು ಮಾತ್ರ.

ಊಟಕ್ಕೆ ಎಲ್ಲರೂ ಶಾಮಿಯಾನಕ್ಕೆ ಹೋದಮೇಲೆ ಬಂಡೆಮ್ಮ ಉಳಿದ ರೊಟ್ಟಿ ತೆಗೆಯಲು ಮೇಜಿನ ಹತ್ತಿರ ಹೋದಳು. ಅವಳ ತಟ್ಟೆ ಖಾಲಿ, ತೊಳೆದು ಬೋರಲು ಹಾಕಿತ್ತು. ಮನಸ್ಸು ಒಂದು ಕ್ಷಣ ಮೆದುವಾಯಿತು. ನಾಚಿಕೆ ಬಿಟ್ಟು ಆಮೇಲಾದರೂ ತಿಂದರೇನೋ, ಮೊದಲಿನ ಹಾಗೆ ನಿಂತುಕೊಂಡು. ಬಿಲ್ಲೆಗಳ ಡಬ್ಬಿ ಮಾತ್ರ ಗಾಜಿನ ಕಪಾಟಿನಲ್ಲಿ ಬೀಗ ಹಾಕಿ ಕೂತಿತ್ತು.

ಹಿಂದಿನ ಬಾಗಿಲಿನಿಂದ ಹೊರಗೆ ಬಂದಳು. ನಾಲ್ಕು ಬಾತ್‌ರೂಮುಗಳ ಪಕ್ಕ ಕಸದ ನೀಲಿ ಡ್ರಮ್ಮು. ಮೂಗು ಅಲ್ಲಿ ನಿಂತಿತು. ಬಿರಿಯಾನಿಯ ಎಲುಬು, ಕೈ ಒರೆಸಿದ ಕಾಗದ, ಅದರ ಕೆಳಗೆ ದ್ರಾಕ್ಷಿ ರಸ, ಅದರ ಕೆಳಗೆ ಹದವಾಗಿ ಬೆಂದ ಗೋದಿ.

ಕೈ ತೊಳೆಯಲು ಬಂದ ಶೈಲಾ ನೋಡಿ ನಿಂತಳು. ಉಳಿದಿತ್ತು, ಇರುವೆ ಬರುತ್ತವೆಂದು ತೆಗೆಸಿದೆ ಅಂದಳು. ಅವಳಿಗೆ ತಪ್ಪೆನ್ನಿಸಿದಂತೆ ಕಾಣಲಿಲ್ಲ. ಕಪಾಟಿನ ಬಿಲ್ಲೆಗೂ ಇರುವೆ ಬರುವುದಿಲ್ಲವೇ ಎಂದು ಬಂಡೆಮ್ಮ ಕೇಳಲಿಲ್ಲ. ಸೀರೆ ಸಿಕ್ಕಿಸಿ, ಡ್ರಮ್ಮಿಗೆ ಬಗ್ಗಿ, ಬರಿಗೈಯಲ್ಲಿ ಒಂದೊಂದೇ ತುಂಡು ಹೊರಗೆ ತೆಗೆದಳು. ಇಷ್ಟು ವರ್ಷ ಮಂದಿಯ ಹೊಲಸಿಗೆ ಬಾರದ ಹೇಸಿಕೆ ಈಗ ಬಂದಿತ್ತು, ಆದರೂ ಎಣಿಸುತ್ತ ಹೋದಳು. ಎಪ್ಪತ್ತಾರು ಇರಬೇಕು, ಎಪ್ಪತ್ತಾರೂ ಸಿಕ್ಕವು. ಎಂಜಲು ತಾಗಿದವು ಇಪ್ಪತ್ತೊಂಬತ್ತು. ಕಾಗದದೊಳಗೆ ಸುತ್ತಿದ್ದರಿಂದ ತಾಗದೆ ಉಳಿದವು ನಲವತ್ತೇಳು. ಅವನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿದಳು. ಪ್ರತಿಷ್ಠೆಯ ನೆನಪಿಗೆಂದು ಬೆಳಿಗ್ಗೆ ಸಭೆಯ ಹಿರಿಯರು ನೆಟ್ಟ ಸಂಪಿಗೆ ಸಸಿಯ ಬುಡದಲ್ಲಿ ಮಣ್ಣು ಮೆತ್ತಗಿತ್ತು. ಎಂಜಲಾದವನ್ನು ಪಕ್ಕಕ್ಕಿಟ್ಟುಕೊಂಡು ಅಲ್ಲಿ ಕೂತು ಕೈಯಿಂದ ಕೆದರತೊಡಗಿದಳು.

ಗೊಲ್ಲಾಳಪ್ಪನವರು ಊಟ ಮುಗಿಸಿ ಹಲ್ಲಿಗೆ ಕಡ್ಡಿ ಹಾಕುತ್ತ ಬಂದರು. "ಏನ್ ಮಾಡಾಕತ್ತೀಯವ್ವ?"

"ಹೂಳಾಕತ್ತೀನ್ರಿ. ತಿನ್ನದ ಉಳಿದ್ರ ಹೂಳಬೇಕಂತ ನೀವ ಕಲಿಸಿದ್ರಿ."

ಅವರು ಡ್ರಮ್ಮು ನೋಡಿದರು, ತುಂಡುಗಳನ್ನು ನೋಡಿದರು. ಕಡ್ಡಿ ಕೈಯಲ್ಲೇ ಉಳಿಯಿತು. ಬಂಡೆಮ್ಮ ಇಷ್ಟು ದಿನ ಮನಸ್ಸಿನಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ಆಗ ಕೇಳಿದಳು. "ಸಾಹೇಬ್ರ, ಸೆರೆಯಿಂದ ಬಂದವರ ಪಟ್ಟಿಯೊಳಗ ಹೆಸರು ಸಿಗದ ಮೂರು ಮನಿಯವ್ರು ಇದ್ರಲ್ರಿ. ಗುಡಿ ಊಟ ಮುಟ್ಟಬ್ಯಾಡ್ರಿ ಅಂದ್ರಲ್ಲ, ಅವ್ರು. ಮುಂದ ಅವ್ರಿಗೆ ಆ ಊಟ ಸಿಕ್ತೇನ್ರಿ?"

"ಯಾವ ಮೂರು ಮನಿ?" ಅಂದರು ಪಾದ್ರಿ. ಆಮೇಲೆ, "ಅಲ್ಲಿ ಬರೀ ಹೆಸರಾವಲ್ಲವ್ವ, ನಾ ದಾಟಿಸಿ ಓದೀನಿ" ಅಂದರು. ಸುಳ್ಳು ಹೇಳಲಿಲ್ಲ, ಅಷ್ಟಕ್ಕೆ ಅವರನ್ನು ಮೆಚ್ಚಬೇಕು.

"ಕತ್ತೆಗಳನ್ನ ಸುದ್ದಾ ಎಣಿಸಿ ಬರದಾರ್ರಿ." ಬಂಡೆಮ್ಮ ಮಣ್ಣು ಮುಚ್ಚಿ ಅಂಗೈಯಿಂದ ತಟ್ಟಿದಳು. "ಬಾಬೆಲಿನಾಗ ಇದ್ದಾಗ ಆ ಮೂರು ಮನಿಯವ್ರ ರೊಟ್ಟಿ ಉಳಿದವ್ರು ತಿಂದಿರಬೇಕಲ್ರಿ, ಎಪ್ಪತ್ತು ವರ್ಷ. ಊರು ಮುಟ್ಟಿದ ಮ್ಯಾಲೆ ಬಾಯಿ ಕೆಟ್ಟಿತು."

ಪಾದ್ರಿ ತಲೆ ಬಗ್ಗಿಸಿದರು. ಮುಂದಿನ ತಿಂಗಳು ಬಿಲ್ಲೆ ನಿಲ್ಲಿಸಿ ಅವಳ ರೊಟ್ಟಿಯನ್ನೇ ಇಡಿಸುತ್ತೇನೆ, ಹಿರಿಯರ ಜೊತೆ ಮಾತಾಡಿ ನೋಡುತ್ತೇನೆ ಅಂದರು. ಬಂಡೆಮ್ಮ ಎದ್ದು, ಬೆಳಿಗ್ಗೆ ಮೊಳೆಯಿಂದ ಇಳಿಸಿ ಸೊಂಟಕ್ಕೆ ಸಿಕ್ಕಿಸಿದ್ದ ಕೀಲಿಕೈ ತೆಗೆದು ಅವರ ಅಂಗೈಯಲ್ಲಿಟ್ಟಳು.

"ಬ್ಯಾಡ್ರಿ. ಇದೂ ನಿಮ್ಮ ಕಡೆನ ಇರಲಿ. ಶೆಡ್ಡಿನಾಗ ಎಲ್ಲಾ ತೊಳದೀನ್ರಿ, ಯಾರೂ ಹೇಳದ. ಅದು ಮನಿ ಇತ್ತು."

ನಲ್ಲಿಯಲ್ಲಿ ಕೈ ತೊಳೆದಳು. ಕೀಲಿ ಹಿಡಿದ ಬಲಗೈಯನ್ನು ಎರಡು ಸಲ. ಹೂವಿನ ಕಮಾನಿನ ಕೆಳಗೆ ನಡೆದು ರಸ್ತೆಗೆ ಬಂದಳು. ಹಂಪಯ್ಯನ ಸೊಸೆ ಮಾತ್ರ ಹಿಂದಿನಿಂದ ಕರೆದಳು, ಊಟ ಮಾಡಿ ಹೋಗು ಚಿಗವ್ವ ಎಂದು. ಬಂಡೆಮ್ಮ ಕೈ ಬೀಸಿ ಬಸ್ ಹತ್ತಿದಳು.

ಎರಡು ಗಂಟೆಗೆ ಡ್ಯೂಟಿ. ಕೆಲಸದವರು ಬುತ್ತಿ ಬಿಚ್ಚುವ ಮೆಟ್ಟಿಲ ಕೆಳಗಿನ ಜಾಗದಲ್ಲಿ ರೇಣುಕಾ ಆಗಲೇ ಡಬ್ಬಿ ತೆರೆದು ಕೂತಿದ್ದಳು. ಬಂಡೆಮ್ಮ ಬಟ್ಟೆ ಬಿಚ್ಚಿದಳು. ಎಲ್ಲಿಂದ ತೆಗೆದದ್ದು ಎಂಬುದನ್ನು ಮುಚ್ಚಿಡದೆ ಹೇಳಿದಳು, ತಾಗದ್ದನ್ನಷ್ಟೇ ತಂದಿದ್ದೇನೆ ಅಂದಳು. ರೇಣುಕಾ ಅವಳ ಮುಖ ನೋಡಿದಳು, ತುಂಡು ನೋಡಿದಳು.

"ನೀ ಶುದ್ಧ ಅಂದ್ಯಂದ್ರ ಶುದ್ಧ. ನಿನ್ನ ಮೂಗಿನ್ನ ನಂಬದ ಯಾರನ್ನ ನಂಬಲಿ?" ಎಂದು ಬಾಯಿಗಿಟ್ಟಳು. "ಉಪ್ಪಿಲ್ಲಲ್ಲಕ್ಕಾ."

"ಹಾಕಂಗಿಲ್ಲ."

ಎರಡನೇ ತುಂಡನ್ನು ರೇಣುಕಾ ಟೊಮೇಟೊ ಚಟ್ನಿಗೆ ಅದ್ದಿದಳು. ತಡೆಯಲೆಂದು ಬಂಡೆಮ್ಮನ ಕೈ ಎದ್ದಿತು. ಎದ್ದ ಕೈ ಗಾಳಿಯಲ್ಲಿ ನಿಂತಿತು. ಆಮೇಲೆ ಅದೇ ಕೈಯಿಂದ ಚಟ್ನಿ ಡಬ್ಬಿಯನ್ನು ತನ್ನ ಹತ್ತಿರ ಎಳೆದುಕೊಂಡಳು. ಬೆಳಿಗ್ಗೆಯಿಂದ ಅವಳು ಒಂದು ತುಂಡಿನ ಹೊರತು ಏನನ್ನೂ ತಿಂದಿರಲಿಲ್ಲ. ಇನ್ನಿಬ್ಬರು ಕೆಲಸದವರು ಬಂದರು, ಒಬ್ಬಳು ತೆಲುಗಿನವಳು, ಒಬ್ಬಳು ಒಡಿಶಾದವಳು. ಏನೆಂದು ಕೇಳದೆ ಕೂತು ತಿಂದರು. ನಲವತ್ತೇಳರಲ್ಲಿ ಹೂಳಲು ಒಂದೂ ಉಳಿಯಲಿಲ್ಲ.

ನಾಲ್ಕು ಗಾಲಿಯ ಸಾಮಾನಿನ ಗಾಡಿಯನ್ನು ತಳ್ಳಿಕೊಂಡು ಅವಳು ತನ್ನ ಪಾಯಿಖಾನೆಗೆ ಹೋದಳು. ಒಂದು ಗಾಲಿ ಕಿರ್ರೆನ್ನುತ್ತಿತ್ತು. ತೊಳೆದು ಮುಗಿಸಿದಾಗ ಮೂರು ಗಂಟೆ. ಬಾಗಿಲ ಹಿಂದೆ ಒಂದು ಹಾಳೆ ತೂಗುತ್ತದೆ, ತಾಸಿಗೊಮ್ಮೆ ಯಾರು ತೊಳೆದರೆಂದು ಬರೆಯುವುದಕ್ಕೆ. ಬಂಡೆಮ್ಮ ಮೂರು ಗಂಟೆಯ ಮನೆ ಹುಡುಕಿ, ಪೆನ್ನು ಒತ್ತಿ ಹಿಡಿದು, ಸಂಗಣ್ಣ ಕಲಿಸಿದ ಅಕ್ಷರಗಳಲ್ಲಿ ತನ್ನ ಹೆಸರು ಬರೆದಳು. ಒತ್ತು ಸರಿಯಾಗಿ ಬಿದ್ದಿದೆಯೇ ಎಂದು ಬೆರಳಿಟ್ಟು ಒಮ್ಮೆ ಓದಿಕೊಂಡಳು.